ಕಿವಿಗೆ ಗೊತ್ತಿರುವ ಕನ್ನಡ ಮತ್ತು ಕೆಲವು ಹಳೆಯ ಚಿತ್ರಗಳು

ಡೊಂಬಿವಲಿ, ಕಲ್ಯಾಣ್, ಥಾಣೆ, ನವಿ ಮುಂಬಯಿಯ ನಮ್ಮವರ ಮನೆಗಳಲ್ಲಿ ಈಗ ಬೆಳೆಯುತ್ತಿರುವ ಮಕ್ಕಳಿಗೆ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಊರಿನಿಂದ ಅಜ್ಜಿ ಫೋನ್ ಮಾಡಿದರೆ ಎಲ್ಲ ಅರ್ಥವಾಗುತ್ತದೆ, ಮದುವೆಯ ಕಾಗದ ಕೈಗೆ ಕೊಟ್ಟರೆ ಒಂದಕ್ಷರ ಓದಲಾರರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ, ಅಲ್ಲಲ್ಲಿ ಸಂಘಗಳು ಕನ್ನಡ ಕಲಿಸುವ ವರ್ಗಗಳನ್ನು ನಡೆಸುತ್ತವೆ. ಆದರೂ ಬೆಳಿಗ್ಗೆ ಇಂಗ್ಲಿಷ್ ಶಾಲೆ, ಸಂಜೆ ಕ್ಲಾಸು, ಆಟಕ್ಕೆ ಮರಾಠಿ, ಟಿವಿಗೆ ಹಿಂದಿ ಎಂಬ ದಿನಚರಿಯಲ್ಲಿ ಅಕ್ಷರಮಾಲೆಗೆ ಸಮಯ ಸಿಗುವುದು ಕಷ್ಟ. ತ್ರಿವೇಣಿ, ಕಾರಂತ, ಅನಂತಮೂರ್ತಿ ಎಂಬ ಹೆಸರುಗಳನ್ನು ಈ ಮಕ್ಕಳಿಗೆ ಹೇಗೆ ತಲುಪಿಸುವುದೆಂದು ಚಿಂತಿಸುವ ತರುಣ ತಂದೆತಾಯಂದಿರಿಗೆ ನನ್ನ ಸಲಹೆ ಇಷ್ಟೇ: ಅಕ್ಷರ ನಿಧಾನವಾಗಿ ಬರಲಿ, ಅದಕ್ಕೆ ಮೊದಲು ಹಳೆಯ ಸಿನಿಮಾ ತೋರಿಸಿ.

ಅರುವತ್ತು, ಎಪ್ಪತ್ತರ ದಶಕಗಳ ಒಳ್ಳೆಯ ಕನ್ನಡ ಚಿತ್ರಗಳಲ್ಲಿ ಬಹುಪಾಲು ಪುಸ್ತಕದಿಂದ ಎದ್ದು ಬಂದವು. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967), 'ಶರಪಂಜರ' (1971) ತ್ರಿವೇಣಿಯವರ ಕಾದಂಬರಿಗಳು. 'ಗೆಜ್ಜೆಪೂಜೆ' (1969) ಎಂ.ಕೆ. ಇಂದಿರಾ ಅವರದು. ರಾಜಕುಮಾರರ 'ಬಂಗಾರದ ಮನುಷ್ಯ' (1972) ಟಿ.ಕೆ. ರಾಮರಾಯರದು, 'ನಾಗರಹಾವು' (1972) ತ.ರಾ.ಸು. ಅವರದು. 'ಸಂಸ್ಕಾರ' (1970), 'ವಂಶವೃಕ್ಷ' (1971), 'ಚೋಮನ ದುಡಿ' (1975) ಯಾರ ಕೃತಿಗಳೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಓದಲು ಬಾರದ ಹುಡುಗಿಯೂ ಎರಡು ಗಂಟೆ ಕೂತರೆ 'ಶರಪಂಜರ'ದ ಕಾವೇರಿಯನ್ನು, ಚೋಮನನ್ನು, 'ಸಂಸ್ಕಾರ'ದ ಪ್ರಾಣೇಶಾಚಾರ್ಯರನ್ನು ಪರಿಚಯ ಮಾಡಿಕೊಳ್ಳಬಹುದು. ಇಂಥ ಅನುಕೂಲ ಎಲ್ಲ ಭಾಷೆಗಳಿಗೂ ಇಲ್ಲ.

ಆದರೆ ಯಾವುದರಿಂದ ಶುರುಮಾಡುತ್ತೀರಿ ಎಂಬುದು ಮುಖ್ಯ. ನಿಮಗೆ ಇಷ್ಟವಾದದ್ದೇ ಮಗುವಿಗೆ ಮೊದಲ ದಿನ ಇಷ್ಟವಾಗಬೇಕೆಂದು ಹಟ ಹಿಡಿಯಬೇಡಿ. ಹತ್ತು ವರ್ಷದೊಳಗಿನವರಿಗೆ ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಸಾಕು. ಅದು ಹಿಂದಿಯಲ್ಲಿದೆ, ಇರಲಿ. ಈ ಮಕ್ಕಳಿಗೆ ಅದೇ ಸಲೀಸು. ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಮೆಚ್ಚಿದ ಮಗು, ಇದನ್ನು ಮಾಡಿದವರು ಯಾರು, ಆ ಮನೆ ಎಲ್ಲಿದೆ ಎಂದು ತಾನಾಗಿಯೇ ಕೇಳುತ್ತದೆ. ಆಮೇಲೆ ಇಡೀ ಮನೆ ಕೂತು 'ಬಂಗಾರದ ಮನುಷ್ಯ' ನೋಡಿ, 'ಭೂತಯ್ಯನ ಮಗ ಅಯ್ಯು' ನೋಡಿ. ಹಾಡು, ಜಗಳ, ಹೊಲ, ನೆರೆ ಎಲ್ಲ ಇರುವ ಚಿತ್ರಗಳಿವು; ಹಳೆಯ ಚಿತ್ರವೆಂದರೆ ಬೇಸರವೆಂಬ ಭಯ ಇವುಗಳಿಂದ ಹೋಗುತ್ತದೆ.

'ಶರಪಂಜರ'ವನ್ನು ಹೈಸ್ಕೂಲು ದಾಟಿದ ಹೆಣ್ಣುಮಕ್ಕಳ ಜೊತೆ ನೋಡಿ, ಗಂಡುಮಕ್ಕಳನ್ನೂ ಕೂರಿಸಿಕೊಳ್ಳಿ. ಹೆರಿಗೆಯ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರಿದ ಹೆಂಗಸು ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರೂ ಊರವರೂ ಅವಳ ಒಂದೊಂದು ಮಾತಿನಲ್ಲೂ ಹುಚ್ಚನ್ನೇ ಹುಡುಕುತ್ತಾರೆ. ಐವತ್ತು ವರ್ಷ ದಾಟಿದ ಚಿತ್ರ. ಈಗಲೂ ನಮ್ಮ ಕಟ್ಟಡಗಳ ಯಾವ ಮಾಳಿಗೆಯಲ್ಲಿ ಬೇಕಾದರೂ ನಡೆಯಬಹುದಾದ ಸಂಗತಿ. ಕಲ್ಪನಾ ಅವರ ಅಭಿನಯ ಕೆಲವರಿಗೆ ಈಗ ಸ್ವಲ್ಪ ಜೋರೆನಿಸಬಹುದು. ನನಗೆ ಹಾಗನಿಸುವುದಿಲ್ಲ. ಆ ದನಿ ಅಷ್ಟು ಎತ್ತರಕ್ಕೆ ಹೋಗದಿದ್ದರೆ ಆ ಕಾಲದಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

ನಾನು ಎಲ್ಲಕ್ಕಿಂತ ಮುಂದಿಡುವುದು 'ಘಟಶ್ರಾದ್ಧ'ವನ್ನು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ, 1977ರದು, ಕಪ್ಪುಬಿಳುಪು. ವೇದಪಾಠಕ್ಕೆಂದು ಮನೆಬಿಟ್ಟು ಬಂದ ನಾಣಿ ಎಂಬ ಪುಟ್ಟ ಹುಡುಗ. ಗುರುಗಳ ಮಗಳು, ಎಳೆಯ ವಿಧವೆ ಯಮುನಕ್ಕ. ಅವಳು ಬಸಿರಾಗುತ್ತಾಳೆ, ಬದುಕಿರುವಾಗಲೇ ತಂದೆ ಅವಳ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾನೆ. ಇದೆಲ್ಲವನ್ನೂ ನಾವು ನೋಡುವುದು ಹುಡುಗನ ಕಣ್ಣಿನಿಂದ. ಅವನಿಗೆ ಅರ್ಥವಾದಷ್ಟೇ ನಮಗೂ ಸಿಗುತ್ತದೆ. ಆದ್ದರಿಂದಲೇ ಹದಿನಾಲ್ಕು ಹದಿನೈದರ ಮಕ್ಕಳು ಈ ಚಿತ್ರದೊಳಗೆ ಬೇಗ ಹೋಗುತ್ತಾರೆ, ದೊಡ್ಡವರಿಗಿಂತ ಬೇಗ. ನಡುವೆ ನಿಲ್ಲಿಸಿ ವಿವರಿಸಲು ಹೋಗಬೇಡಿ. ಮುಗಿದ ಮೇಲೆ ಅವರೇ ಕೇಳುತ್ತಾರೆ, ಆಗ ನಿಮಗೆ ಗೊತ್ತಿರುವುದನ್ನು ಮುಚ್ಚಿಡದೆ ಹೇಳಿ. ನಮ್ಮ ಹಿರಿಯರ ಮನೆಗಳಲ್ಲೂ ತಲೆ ಬೋಳಿಸಿಕೊಂಡ ಅಜ್ಜಿಯಂದಿರಿದ್ದರು. ಈ ಚಿತ್ರವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ದುರಸ್ತಿ ಮಾಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಆ ಹೊಸ ಪ್ರತಿ ನಮ್ಮ ಕಡೆ ಎಲ್ಲಾದರೂ ಪರದೆಯ ಮೇಲೆ ಬಂದರೆ ರಜೆ ಹಾಕಿಯಾದರೂ ಹೋಗಿ.

ಇನ್ನು ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು ಎಂಬ ಮಾತು. ಊರಿನಿಂದ ಬಂದ ಹಿರಿಯರು ಮನೆಯಲ್ಲಿದ್ದರೆ ಡಿಡಿ ಫ್ರೀ ಡಿಶ್ ಹಾಕಿಸಿ. ಬುಟ್ಟಿ ಮತ್ತು ಪೆಟ್ಟಿಗೆಗೆ ಒಂದು ಸಲ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ, ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಕೇಬಲ್ ಇರುವವರಿಗೆ ಇಲ್ಲಿನ ಕೇಬಲ್‌ವಾಲಾ ಕೊಡುವ ಪ್ಯಾಕಿನಲ್ಲಿ ಕನ್ನಡ ಇರುವುದು ಅಪರೂಪ. ಆದರೆ 2019ರಿಂದ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. 'ಸೌತ್ ಪ್ಯಾಕ್ ಪೂರ್ತಿ ತೆಗೆದುಕೊಳ್ಳಿ' ಎಂದರೆ ಒಪ್ಪಬೇಡಿ, ಬೇಕಾದ ಒಂದು ಸಿನಿಮಾ ಚಾನೆಲಿನ ಹೆಸರು ಹೇಳಿ ಹಾಕಿಸಿಕೊಳ್ಳಿ.

ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಚಿತ್ರಗಳು ಬೇಕಾದಷ್ಟಿವೆ, ಹಣ ಕೊಡಬೇಕಾಗಿಲ್ಲ. ಹಕ್ಕು ಪಡೆದ ಸಂಸ್ಥೆಗಳೇ ಹಾಕಿದ ಪ್ರತಿಯನ್ನು ನೋಡಿ. ಎಸ್ಆರ್‌ಎಸ್ ಮೀಡಿಯಾ ವಿಷನ್‌ನಂಥವರ ಚಾನೆಲುಗಳಲ್ಲಿ ಪೂರ್ತಿ ಚಿತ್ರಗಳಿವೆ. ಯಾರೋ ಟಿವಿಯಿಂದ ಹಿಡಿದು ಹಾಕಿದ ಪ್ರತಿಗಳಲ್ಲಿ ತಲೆ ಕತ್ತರಿಸಿರುತ್ತದೆ, ಹಾಡು ಹಾರಿಹೋಗಿರುತ್ತದೆ, ಕೆಲವೊಮ್ಮೆ ಕೊನೆಯೇ ಇರುವುದಿಲ್ಲ. ಶುರುಮಾಡುವ ಮೊದಲು ಚಿತ್ರದ ನಿಜವಾದ ಉದ್ದ ಎಷ್ಟೆಂದು ನೋಡಿಕೊಳ್ಳಿ. ಕಾಲು ಗಂಟೆ ಕಡಿಮೆ ಇದ್ದರೆ ಬೇರೆ ಪ್ರತಿ ಹುಡುಕಿ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ತೆರೆದ 'ವೇವ್ಸ್' ಆ್ಯಪಿನಲ್ಲಿ ದೂರದರ್ಶನದ ಹಳೆಯ ಧಾರಾವಾಹಿಗಳಿವೆ. ಹಣ ಕೊಟ್ಟು ನೋಡುವ ಒಟಿಟಿಗಳನ್ನು ಒಟ್ಟಿಗೆ ನಾಲ್ಕೈದು ಇಟ್ಟುಕೊಳ್ಳಬೇಡಿ. ಬೇಸಿಗೆ ರಜೆಯಲ್ಲಿ ಒಂದನ್ನು ಒಂದು ತಿಂಗಳಿಗೆ ಪಡೆದು, ಬೇಕಾದ್ದನ್ನೆಲ್ಲ ನೋಡಿ ನಿಲ್ಲಿಸಿಬಿಡಿ. ಫೋನನ್ನು ಟಿವಿಗೆ ಜೋಡಿಸುವುದನ್ನು ಕಲಿತುಕೊಳ್ಳಿ. ಕಪ್ಪುಬಿಳುಪಿನ ನೆರಳೆಲ್ಲ ಅಂಗೈಯಗಲದ ಪರದೆಯಲ್ಲಿ ಸಾಯುತ್ತದೆ. ಕಲ್ಯಾಣ ಲೋಕಲಿನ ನೂಕುನುಗ್ಗಲಿನಲ್ಲಿ ನಿಂತು 'ಚೋಮನ ದುಡಿ' ನೋಡಿದರೆ ನೋಡಿದಂತಲ್ಲ. ಲೋಕಲಿಗೆ ಆ ಚಿತ್ರಗಳ ಹಾಡುಗಳು ಸಾಕು.

ಥಿಯೇಟರಿನಲ್ಲೂ ಹಳೆಯದು ಮತ್ತೆ ಬರುತ್ತಿದೆ. 2024ರ ಜೂನಿನಲ್ಲಿ ದುರಸ್ತಿಯಾದ 'ಮಂಥನ್' ದೇಶದ ಹಲವು ಊರುಗಳಲ್ಲಿ ತೆರೆಕಂಡಿತು. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಆ 1976ರ ಚಿತ್ರದ ನಾಯಕ ನಮ್ಮ ಗಿರೀಶ ಕಾರ್ನಾಡ್, ಜೊತೆಗೆ ಅನಂತನಾಗ್. ಕಾರ್ನಾಡರು ಹುಟ್ಟಿದ್ದು ಇಲ್ಲೇ, ನೇರಳ್‌ನಿಂದ ಪುಟ್ಟ ರೈಲು ಹತ್ತಿ ಹೋಗುವ ಮಾಥೇರಾನಿನಲ್ಲಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಹೇಳಿ. 2024ರ ಡಿಸೆಂಬರಿನಲ್ಲಿ ರಾಜ್ ಕಪೂರ್ ಶತಮಾನೋತ್ಸವಕ್ಕೆ ಅವರ ಚಿತ್ರಗಳನ್ನು ಮಲ್ಟಿಪ್ಲೆಕ್ಸುಗಳಲ್ಲಿ 100 ರೂಪಾಯಿಗೆ ತೋರಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ನೂರನೆಯ ವರ್ಷಕ್ಕೆ 2025ರ ಆಗಸ್ಟಿನಲ್ಲಿ ಅವರ ಚಿತ್ರಗಳೂ ಬಂದವು. 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಕತ್ತಲೊಳಗೆ ಇಳಿಯುವ ಆ ಬೆಳಕಿನ ಕೋಲನ್ನು ತಂದವರು ಮೈಸೂರಿನ ವಿ.ಕೆ. ಮೂರ್ತಿ. ಇಂಥ ಸುದ್ದಿ ಎರಡು ದಿನ ಮೊದಲಷ್ಟೇ ಗೊತ್ತಾಗುತ್ತದೆ. ಸಂಘದ ವಾಟ್ಸ್ಆ್ಯಪಿನಲ್ಲಿ ಶುಭೋದಯದ ಚಿತ್ರಗಳ ಜಾಗದಲ್ಲಿ ಇದನ್ನು ಹಾಕಿದರೆ ನಾಲ್ಕು ಮನೆಗೆ ಉಪಕಾರ.

ಒಂದು ಭಾನುವಾರ ಪೆಡ್ಡರ್ ರೋಡಿನ ರಾಷ್ಟ್ರೀಯ ಸಿನಿಮಾ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. 2019ರ ಜನವರಿಯಲ್ಲಿ ತೆರೆದದ್ದು, ಗುಲ್ಶನ್ ಮಹಲ್ ಎಂಬ ಹಳೆಯ ಬಂಗಲೆಯಲ್ಲಿದೆ, ಟಿಕೆಟ್ ತುಂಬ ಅಗ್ಗ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಪ್ರಭಾತ್ ಚಿತ್ರ ಮಂಡಲದ ಸದಸ್ಯರಾಗಲಿ. 1968ರಿಂದ ಮುಂಬಯಿಯಲ್ಲಿ ಲೋಕದ ಒಳ್ಳೆಯ ಚಿತ್ರಗಳನ್ನು ತೋರಿಸುತ್ತ ಬಂದ ಫಿಲ್ಮ್ ಸೊಸೈಟಿ ಅದು.

ಮನೆಯ ಅಟ್ಟದಲ್ಲಿರುವ ಹಳೆಯ ಡಿವಿಡಿ, ವಿಸಿಡಿಗಳನ್ನು ಭಂಗಾರಿನವನಿಗೆ ಹಾಕಬೇಡಿ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರಿದಾಗ ಎಷ್ಟೋ ಮನೆಗಳಲ್ಲಿ ಚೀಲಗಟ್ಟಲೆ ಕೊಂಡಿದ್ದರು. ಅವುಗಳಲ್ಲಿ ಕೆಲವು ಚಿತ್ರಗಳ ಒಳ್ಳೆಯ ಪ್ರತಿ ಇವತ್ತು ನೆಟ್ಟಿನಲ್ಲಿ ಸಿಗುವುದಿಲ್ಲ. ಡಿಸ್ಕ್ ಓದುವ ಚಿಕ್ಕ ಡ್ರೈವ್ ಒಂದು ಕಟ್ಟಡಕ್ಕೆ ಒಂದಿದ್ದರೆ ಸಾಕು, ಮನೆಯಿಂದ ಮನೆಗೆ ಹೋಗುತ್ತದೆ. ಡೊಂಬಿವಲಿಯಲ್ಲಿ ಪೈ ಫ್ರೆಂಡ್ಸ್ ಲೈಬ್ರರಿಯವರು ಪುಸ್ತಕ ಕೊಟ್ಟು ಪುಸ್ತಕ ಪಡೆಯುವ ಪ್ರದರ್ಶನ ನಡೆಸಿ ತೋರಿಸಿದ್ದಾರಲ್ಲ, ನಮ್ಮ ಸಂಘಗಳೂ ದೀಪಾವಳಿಯ ಸಮಯ ಒಂದು ಮೇಜಿನ ಮೇಲೆ ಡಿಸ್ಕುಗಳ ಅದಲುಬದಲು ಇಟ್ಟುಕೊಳ್ಳಬಹುದು. ಮಳೆಗಾಲದ ತೇವಕ್ಕೆ ವಿಎಚ್‌ಎಸ್ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ನಿಮ್ಮ ಮನೆಯ ಯಕ್ಷಗಾನ, ಮದುವೆಗಳ ಕ್ಯಾಸೆಟ್ಟಿದ್ದರೆ ಮೊದಲು ಅವುಗಳನ್ನು ಡಿಜಿಟಲ್ ಮಾಡಿಸಿ.

ಟೆಲಿಗ್ರಾಮಿನಲ್ಲಿ ಹರಿದಾಡುವ ಕದ್ದ ಪ್ರತಿಗಳ ಹತ್ತಿರ ಹೋಗಬೇಡಿ, ಮಕ್ಕಳ ಮುಂದಂತೂ ಬೇಡವೇ ಬೇಡ. 2023ರ ತಿದ್ದುಪಡಿಯ ನಂತರ ಚಿತ್ರವನ್ನು ಕದ್ದು ನಕಲು ಮಾಡಿ ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಕಾನೂನಿಗಿಂತ ನನ್ನನ್ನು ಕಾಡುವುದು ಇನ್ನೊಂದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರದು. ಅದನ್ನು ಚಿತ್ರಿಸಿದ್ದು ಈ ಮಹಾರಾಷ್ಟ್ರದಲ್ಲಿ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ನೋಡುವವರು ಸ್ವಲ್ಪವಾದರೂ ಹಣ ಕೊಟ್ಟು ನೋಡಿದರೆ, ಹಳೆಯ ಚಿತ್ರವನ್ನು ಕಾಪಾಡಿಟ್ಟುಕೊಳ್ಳುವುದರಲ್ಲಿ ಅರ್ಥವಿದೆ ಎಂದು ಹಕ್ಕುದಾರರಿಗೆ ಅನಿಸುತ್ತದೆ.

ಸಂಘದ ಸಭಾಗೃಹದಲ್ಲಿ ತೋರಿಸುವಾಗಲೂ ಇದು ನೆನಪಿರಲಿ. ಮನೆಯಲ್ಲಿ ನೋಡುವುದು ಬೇರೆ, ನೂರು ಜನರನ್ನು ಕರೆದು ತೋರಿಸುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಅನುಮತಿ ಬೇಕು. ಒಂದು ಪತ್ರ ಬರೆದು ಕೇಳಿ. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ 1954ರ 'ಬೇಡರ ಕಣ್ಣಪ್ಪ', 1964ರ 'ನಾಂದಿ'ಯಂಥ ಚಿತ್ರಗಳ ಅವಧಿ ಮುಗಿದಿದೆ. ಆದರೂ ಕಥೆ ಹಾಡುಗಳ ಹಕ್ಕು ಬರೆದವರ ಆಯುಸ್ಸಿನ ಮೇಲೆ ಹೋಗುವುದರಿಂದ ತಿಳಿದವರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು. ಚಿತ್ರಕ್ಕೆ ಮುಂಚೆ ಸನ್ಮಾನ, ಭಾಷಣ ಇಡಬೇಡಿ. ಮಕ್ಕಳು ಅಷ್ಟರಲ್ಲೇ ದಣಿಯುತ್ತಾರೆ.

ಪಕ್ಕದ ಮನೆಯ ಮರಾಠಿಯವರನ್ನೂ ಕರೆಯಿರಿ, ಅವರ ಚಿತ್ರಗಳನ್ನು ನೀವೂ ನೋಡಿ. ಕಲ್ಯಾಣದ ರಂಗಮಂದಿರಕ್ಕೆ ಆಚಾರ್ಯ ಅತ್ರೆಯವರ ಹೆಸರಿದೆಯಲ್ಲ, ಸಾನೆ ಗುರೂಜಿಯವರ ಪುಸ್ತಕದಿಂದ 'ಶ್ಯಾಮ್‌ಚಿ ಆಯಿ' (1953) ಮಾಡಿದವರು ಅವರೇ; ರಾಷ್ಟ್ರಪ್ರಶಸ್ತಿ ಶುರುವಾದಾಗ ಮೊದಲ ಚಿನ್ನದ ಪದಕ ಅದಕ್ಕೇ ಬಂತು. ಪ್ರಭಾತ್ ಕಂಪೆನಿಯ 'ಸಂತ ತುಕಾರಾಮ' (1936), ಜಬ್ಬಾರ್ ಪಟೇಲರ 'ಜೈತ್ ರೇ ಜೈತ್' (1977) ಕೂಡ ಬಿಡಬಾರದ ಚಿತ್ರಗಳು. ಈ ಊರುಗಳಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಇವೂ ಅವರವೇ.

ತಾಯಂದಿರಿಗೆ ಬೇರೆಯಾಗಿ ಹೇಳುತ್ತೇನೆ, ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ನೋಡಿ. ವೈದೇಹಿಯವರ ಕತೆ, ಕುಂದಾಪುರದ ಕಡಲತೀರ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬಂದ ಮೇಲೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ನಮ್ಮಲ್ಲಿ ಎಷ್ಟೋ ಮಂದಿ ಆ ಕಡೆಯಿಂದ ಬಂದವರು, ಆ ಮಾತಿನ ದಾಟಿ ಕೇಳಿದರೆ ಮನೆಯ ಹಿರಿಯರು ತಾವೇ ಬಾಯಿಬಿಟ್ಟು ಕತೆ ಹೇಳಲು ತೊಡಗುತ್ತಾರೆ. ಹೇಳಲಿ, ಚಿತ್ರವನ್ನು ನಿಲ್ಲಿಸಿಯಾದರೂ ಕೇಳಿ.

ಚಿತ್ರ ನೋಡಿದ ವಾರವೇ ಆ ಪುಸ್ತಕ ಮನೆಯಲ್ಲಿರಲಿ. ಸಪ್ನ, ನವಕರ್ನಾಟಕದವರು ಅಂಚೆಯಲ್ಲಿ ಕಳುಹಿಸುತ್ತಾರೆ. 'ಚೋಮನ ದುಡಿ' ತೆಳ್ಳಗಿನ ಪುಸ್ತಕ, ಬೆಲೆಯೂ ಹೊರೆಯಲ್ಲ. ಮೊದಲ ಅಧ್ಯಾಯವನ್ನು ಅಜ್ಜನೋ ಅಜ್ಜಿಯೋ ಗಟ್ಟಿಯಾಗಿ ಓದಲಿ, ಊರಿನಲ್ಲಿದ್ದರೆ ಫೋನಿನಲ್ಲೇ ಓದಲಿ. ಮುಖ ಆಗಲೇ ಪರಿಚಯವಾಗಿರುವುದರಿಂದ ಮಗು ಮುಂದೇನಾಯಿತೆಂದು ಎರಡನೆಯ ಅಧ್ಯಾಯ ಕೇಳುತ್ತದೆ. ಆಗ ಅಕ್ಷರಮಾಲೆಯ ಪುಸ್ತಕವನ್ನು ಹೊರತೆಗೆಯಿರಿ.