ತಲೆಯಲ್ಲಿ ‘ಇಲ್ಲ’ವನ್ನು ಹೊತ್ತ ಪದಗಳು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯಿಂದ ಬರುವ ನಮ್ಮಲ್ಲಿ ಹಲವರ ಮನೆಮಾತು ತುಳು. ‘ಯಾನ್ ಬರ್ಪುಜಿ’ ಎಂದಾಗ ನಿಷೇಧವು ಪದದ ಬಾಲದಲ್ಲಿದೆ. ಕನ್ನಡದ ‘ಬರುವುದಿಲ್ಲ’ವೂ ಹಾಗೆಯೇ. ಇಂಗ್ಲಿಷಿನಲ್ಲಾದರೋ ಅನ್, ಇನ್, ಡಿಸ್ ಎಂಬಿವು ಪದದ ತಲೆಯ ಮೇಲೇ ಕುಳಿತಿರುತ್ತವೆ. ಸಂಸ್ಕೃತದಿಂದ ಬಂದ ‘ಅನ್ಯಾಯ’, ‘ಅಹಿಂಸೆ’ಗಳನ್ನು ಬಲ್ಲವರಿಗೆ ಇದು ಹೊಸತಲ್ಲ.

ಆದರೆ ಈ ಪೂರ್ವಪ್ರತ್ಯಯಗಳನ್ನು ಕಣ್ಣುಮುಚ್ಚಿ ನಂಬಲಾಗದು. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲದ ನಮ್ಮಂಥವರಂತೂ ನಿಘಂಟನ್ನು ತೆರೆಯಲೇಬೇಕು. ‘ಇನ್‌ವ್ಯಾಲ್ಯುಯೆಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ದ ಸರಿಜೋಡಿ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದವನು. ‘ಡಿಸ್‌ಇಂಟರೆಸ್ಟೆಡ್’ ಎಂದರೆ, ಕಟ್ಟುನಿಟ್ಟಿನ ಬಳಕೆಯಲ್ಲಿ, ಸ್ವಾರ್ಥವಿಲ್ಲದವನು. ನ್ಯಾಯಾಧೀಶನು ಎರಡನೆಯವನಾಗಿರಬೇಕು, ಮೊದಲನೆಯವನಾದರೆ ಕಕ್ಷಿಗಾರನ ಗತಿಯೇನು!

ಎಲ್ಲಕ್ಕೂ ಅಪಾಯದ ಪದವೆಂದರೆ ‘ಇನ್‌ಫ್ಲೇಮಬಲ್’. ಮಂಗಳೂರಿನಿಂದ ಬಂಟ್ವಾಳದ ಮೂಲಕ ಘಟ್ಟ ಹತ್ತುವ ಅನಿಲ ಟ್ಯಾಂಕರುಗಳನ್ನು ನಾವೆಲ್ಲ ನೋಡಿದ್ದೇವೆ. ಇಂಥ ಸರಕಿನ ಮೇಲೆ ಬರೆಯುವ ಈ ಪದವನ್ನು ‘ಉರಿಯದ್ದು’ ಎಂದು ಓದಿದವನು ಪಕ್ಕದಲ್ಲೇ ಬೀಡಿ ಹಚ್ಚಿಯಾನು. ಇಲ್ಲಿಯ ‘ಇನ್’ ನಿಷೇಧವಲ್ಲ. ‘ಉರಿ ಹೊತ್ತಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದ ಭಾಗ. ಬೇಗನೆ ಹೊತ್ತಿಕೊಳ್ಳುವುದು ಎಂದೇ ಅರ್ಥ. ಈ ಗೊಂದಲ ಬೇಡವೆಂದು ಈಗ ಬಹುಕಡೆ ‘ಫ್ಲೇಮಬಲ್’ ಎಂದೇ ಬರೆಯುತ್ತಾರೆ. ನಿಜಕ್ಕೂ ಉರಿಯದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಎನ್ನುತ್ತಾರೆ.