ಭಾರ ಎತ್ತುವ ವ್ಯಾಯಾಮ ಮತ್ತು ಸೊಂಟನೋವು

ಕಾಯಕ ಎಂಬ ಮಾತಿನ ಮೂಲದಲ್ಲಿಯೇ ಕಾಯವಿದೆ. ಕಾಯವನ್ನು ದೃಢವಾಗಿಟ್ಟುಕೊಳ್ಳುವ ಹಂಬಲ ಇಂದಿನ ತರುಣರಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಗರಡಿಮನೆಯಲ್ಲಿ ಸಾಮು ಮಾಡಿ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನೂ ಜೋಳದ ಚೀಲವನ್ನೂ ಎತ್ತಿ ಮೆರೆದವರ ನಾಡು ನಮ್ಮದು. ಈಗ ಊರೂರಿಗೆ ಜಿಮ್‌ಗಳು ಬಂದಿವೆ. ಅಲ್ಲಿ ಕಲಿಸುವ ವ್ಯಾಯಾಮಗಳಲ್ಲಿ ಡೆಡ್‌ಲಿಫ್ಟ್ ಒಂದು. ನೆಲದ ಮೇಲಿರುವ ಭಾರದ ಸರಳನ್ನು ಎರಡೂ ಕೈಗಳಿಂದ ಹಿಡಿದು, ನೆಟ್ಟಗೆ ನಿಲ್ಲುವವರೆಗೆ ಎತ್ತಿ, ಮರಳಿ ಇಳಿಸುವುದೇ ಇದರ ಕ್ರಮ.

ಇದನ್ನು ಹೊಸದಾಗಿ ಆರಂಭಿಸಿದ ಅನೇಕರು ಮರುದಿನ ಸೊಂಟ ಹಿಡಿದುಕೊಂಡು ಚಿಕಿತ್ಸಾಲಯಕ್ಕೆ ಬರುತ್ತಾರೆ. ಕೆಲವರು ಹೆದರಿ ವ್ಯಾಯಾಮವನ್ನೇ ತೊರೆಯುತ್ತಾರೆ. ಕೆಲವರು ನೋವನ್ನು ಲೆಕ್ಕಿಸದೆ ಮತ್ತೆ ಭಾರ ಎತ್ತುತ್ತಾರೆ. ಎರಡೂ ಸರಿಯಲ್ಲ. ಬಂದಿರುವ ನೋವು ಯಾವ ಬಗೆಯದೆಂಬುದನ್ನು ಮೊದಲು ಅರಿಯಬೇಕು.

ನೋವಿನ ಬಗೆಗಳು

ಮೊದಲನೆಯದು ಸ್ನಾಯುಗಳ ದಣಿವಿನ ನೋವು. ಅಭ್ಯಾಸವಿಲ್ಲದ ಶ್ರಮದಿಂದ ಬೆನ್ನೆಲುಬಿನ ಎರಡು ಪಕ್ಕದ ಸ್ನಾಯುತಂತುಗಳಲ್ಲಿ ಅತಿ ಸೂಕ್ಷ್ಮವಾದ ಹರಿತಗಳಾಗುತ್ತವೆ. ಈ ನೋವು ವ್ಯಾಯಾಮದ ಹೊತ್ತಿನಲ್ಲಿ ಇರುವುದಿಲ್ಲ. 12ರಿಂದ 24 ಗಂಟೆಗಳ ನಂತರ ತೋರಿ, ಎರಡು ಮೂರನೆಯ ದಿನ ಹೆಚ್ಚಾಗಿ, ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಶಮನವಾಗುತ್ತದೆ. ಸೊಂಟದ ಎರಡೂ ಬದಿಗೆ ಸಮನಾಗಿ ಬಿಗಿತವಿದ್ದು, ಸ್ವಲ್ಪ ನಡೆದಾಡಿದರೆ ಹಗುರಾಗುತ್ತದೆ. ಇದಕ್ಕೆ ಅಂಜಬೇಕಾಗಿಲ್ಲ.

ಎರಡನೆಯದು ಉಳುಕು. ಎತ್ತುವ ಕ್ಷಣದಲ್ಲಿಯೇ ಚಳಕ್ಕೆಂದು ಒಂದು ಕಡೆ ಹಿಡಿದುಕೊಳ್ಳುತ್ತದೆ. ಬಾಗಲು, ಹೊರಳಲು ಕಷ್ಟವಾಗುತ್ತದೆ. ಆಯುರ್ವೇದದಲ್ಲಿ ಸೊಂಟದ ಇಂತಹ ಬಿಗಿತಕ್ಕೆ ಕಟಿಗ್ರಹವೆಂಬ ಹೆಸರಿದೆ.

ಮೂರನೆಯದು ನರದ ನೋವು. ಕಶೇರುಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದಾಗ ನೋವು ಪೃಷ್ಠದಿಂದ ತೊಡೆಯ ಹಿಂಬದಿಗೆ, ಮೊಣಕಾಲಿನ ಕೆಳಗೆ, ಪಾದದವರೆಗೆ ಇಳಿಯುತ್ತದೆ, ಜೋಮು ಹಿಡಿಯುತ್ತದೆ. ಇದನ್ನೇ ಗೃಧ್ರಸೀ ಎನ್ನುವರು. ಇದಕ್ಕೆ ವೈದ್ಯರ ಪರೀಕ್ಷೆ ಅಗತ್ಯ.

ಅರ್ಧಶಕ್ತಿಯ ನಿಯಮ

ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತ, ವಾಗ್ಭಟರು ವಿಧಿಸಿದ್ದಾರೆ. ಹಣೆ, ಕಂಕುಳುಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧಬಲ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಶಕ್ತಿಮೀರಿ ಭಾರ ಹೊರುವುದನ್ನು ಚರಕಾಚಾರ್ಯರು ಸಾಹಸವೆಂದು ಕರೆದು, ರೋಗಕಾರಣಗಳಲ್ಲಿ ಎಣಿಸಿದ್ದಾರೆ. ಪಕ್ಕದವನು ಎಷ್ಟು ಎತ್ತಿದನೆಂಬುದು ನಮ್ಮ ಬಲದ ಅಳತೆಯಲ್ಲ.

ಹೊಸಬರು ತಟ್ಟೆಗಳಿಲ್ಲದ ಸರಳಿನಿಂದಲೇ ಆರಂಭಿಸಲಿ. ಸ್ಪರ್ಧೆಯ ಸರಳೊಂದೇ 20 ಕಿಲೋ ತೂಗುತ್ತದೆ. ದೊಡ್ಡ ತಟ್ಟೆಗಳ ವ್ಯಾಸ 45 ಸೆಂಟಿಮೀಟರ್ ಇರುವುದರಿಂದ ಅವುಗಳ ಮೇಲೆ ನಿಂತ ಸರಳು ಮೊಣಕಾಲಿಗೂ ಪಾದಕ್ಕೂ ನಡುಮಧ್ಯದ ಎತ್ತರಕ್ಕೆ ಬರುತ್ತದೆ. ಹೊಸಬರು ಬಳಸುವ ಚಿಕ್ಕ ತಟ್ಟೆಗಳಲ್ಲಿ ಅದು ನೆಲಕ್ಕೆ ಇನ್ನಷ್ಟು ಹತ್ತಿರವಿರುತ್ತದೆ. ಆಗ ಹೆಚ್ಚು ಬಾಗಬೇಕಾಗಿ ಬೆನ್ನು ಗೂನಾಗುತ್ತದೆ. ಆದುದರಿಂದ ಎರಡೂ ಬದಿಗೆ ಮರದ ದಿಮ್ಮಿಗಳನ್ನಿಟ್ಟು ಸರಳನ್ನು ಆ ಎತ್ತರಕ್ಕೆ ತಂದುಕೊಳ್ಳಬೇಕು. ಸರಳು ಕಾಲಿಗೆ ತಾಗುವಷ್ಟು ಸಮೀಪವಿರಲಿ; ಭಾರ ಮೈಯಿಂದ ದೂರ ಸರಿದಷ್ಟೂ ಸೊಂಟದ ಮೇಲಿನ ಹೊರೆ ಹೆಚ್ಚುತ್ತದೆ. ಬಾಗುವಾಗ ಪೃಷ್ಠ ಹಿಂದಕ್ಕೆ ಸರಿಯಬೇಕು, ಬೆನ್ನು ನೇರವಾಗಿರಬೇಕು. ಕೊನೆಗೆ ಹಿಂದಕ್ಕೆ ವಾಲಬಾರದು.

ಮುಂಜಾನೆ ಹಾಸಿಗೆಯಿಂದೆದ್ದ ಕೂಡಲೆ ಭಾರ ಎತ್ತುವುದು ತರವಲ್ಲ. ರಾತ್ರಿಯ ವಿಶ್ರಾಂತಿಯಲ್ಲಿ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಆಗ ಬಾಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಎದ್ದ ಮೇಲೆ ಒಂದು ಗಂಟೆಯಾದರೂ ಕಳೆಯಲಿ. ಸ್ನಾನ, ಪೂಜೆಗಳನ್ನು ಮುಗಿಸಿ ಹೋದರೆ ಈ ಕಾಲ ಸಹಜವಾಗಿಯೇ ದೊರೆಯುತ್ತದೆ.

ಮನೆಯ ಉಪಚಾರ

ದಣಿವಿನ ನೋವಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಮೃದುವಾಗಿ ಸವರಿ, ಲಕ್ಕಿಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಚರ್ಮ ತಾಳುವಷ್ಟು ಬಿಸಿಯಲ್ಲಿ 10ರಿಂದ 15 ನಿಮಿಷ ಕಾವು ಕೊಡಬಹುದು. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಆಗಾಗ ನಿಧಾನವಾಗಿ ನಡೆಯುವುದು ಲೇಸು. ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕೂರುವುದು ಕಷ್ಟವಾದರೆ ಕೆಲವು ದಿನ ಎತ್ತರದ ಪೀಠದ ಮೇಲೆ ಕೂರಬಹುದು. ಸ್ನಾಯುಗಳ ದುರಸ್ತಿಗೆ ಬೇಳೆ, ಹೆಸರುಕಾಳು, ಶೇಂಗಾ, ಹಾಲು, ಮಜ್ಜಿಗೆ ಆಹಾರದಲ್ಲಿರಲಿ, ನಿದ್ರೆ ಕೆಡದಿರಲಿ. ನೋವು ಪೂರ್ತಿ ಹೋದ ಮೇಲೆ ಹಿಂದಿನ ಭಾರದ ಅರ್ಧದಿಂದ ಮತ್ತೆ ಆರಂಭಿಸಬೇಕು.

ಉಳುಕು ಬಿಡಿಸಲೆಂದು ಬೆನ್ನನ್ನು ತುಳಿಸಿಕೊಳ್ಳುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಇನ್ನೂ ರೂಢಿಯಲ್ಲಿದೆ. ಡಿಸ್ಕ್ ಹೊರಚಾಚಿರುವವರಿಗೆ ಇದರಿಂದ ದೊಡ್ಡ ಹಾನಿಯಾಗಬಹುದು. ದಯವಿಟ್ಟು ಬಿಡಿ.

ತಡಮಾಡಬಾರದ ಲಕ್ಷಣಗಳು

ಮಲಮೂತ್ರಗಳ ಹಿಡಿತ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ಗುಹ್ಯಭಾಗದ ಸುತ್ತ ಸ್ಪರ್ಶಜ್ಞಾನ ಇಲ್ಲವಾಗುವುದು, ಪಾದವನ್ನು ಮೇಲೆತ್ತಲಾಗದಿರುವುದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು — ಇವುಗಳಲ್ಲಿ ಒಂದು ಕಂಡರೂ ಎಣ್ಣೆ, ಕಷಾಯಗಳಲ್ಲಿ ಕಾಲ ಕಳೆಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ನರದ ಮೇಲಿನ ಒತ್ತಡ ಬೇಗ ಇಳಿಯದಿದ್ದರೆ ಹೋದ ಶಕ್ತಿ ಮರಳದಿರಬಹುದು. ಈ ಲಕ್ಷಣಗಳಿಲ್ಲದಿದ್ದರೂ ನೋವು ಎರಡು ವಾರ ಮೀರಿದರೆ ಅಥವಾ ಜ್ವರ ಜೊತೆಗೂಡಿದರೆ ವೈದ್ಯರನ್ನು ಕಾಣಬೇಕು.

ಜಿಮ್‌ಗೆ ಹೋಗುವವರಿಗಷ್ಟೇ ಅಲ್ಲ, ದಾಸೋಹದಲ್ಲಿ ಅಕ್ಕಿಯ ಚೀಲ, ಸಾರಿನ ಕೊಳಗ ಎತ್ತುವವರಿಗೂ ಇದೇ ನಿಯಮ: ಭಾರ ಮೈಗೆ ಹತ್ತಿರವಿರಲಿ, ಬೆನ್ನು ನೇರವಿರಲಿ, ಒಬ್ಬರಿಗೆ ಹೆಚ್ಚೆನಿಸಿದ್ದಕ್ಕೆ ಇಬ್ಬರು ಕೈಹಾಕಲಿ. ಸೇವೆ ಒಂದು ದಿನದ್ದಲ್ಲ. ಅದನ್ನು ಮಾಡುವ ಸೊಂಟವೂ ಬಹುಕಾಲ ಬಾಳಬೇಕು.