ಇಂದಿನ ಧಮ್ಮ ಚಿಂತನೆ: ಹಾವಿಗೆ ಇಲಿ ಕೊಟ್ಟರೆ ಶೀಲ ಮುರಿಯುತ್ತದೆಯೇ?

ಕಳೆದ ವಾರ ನಮ್ಮ ಬಳಗದ ಅಕ್ಕನೊಬ್ಬರು ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಅವರ ಮಗ ಬೆಂಗಳೂರಿನ ಮನೆಯಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಹಾವು ಸಾಕಿದ್ದಾನೆ. ಅವನು ಕೆಲಸದ ಮೇಲೆ ಎರಡು ತಿಂಗಳು ಹೊರದೇಶಕ್ಕೆ ಹೊರಟಿದ್ದಾನೆ. ಹಾವಿಗೆ ಊಟ ಹಾಕುವ ಕೆಲಸ ಅಮ್ಮನ ಪಾಲಿಗೆ ಬಂದಿದೆ. "ನಾನು ಪಂಚಶೀಲ ತಗೊಂಡವಳು. ಪ್ರಾಣ ತೆಗೆಯೋದಿಲ್ಲ ಅಂತ ಬೆಳಿಗ್ಗೆ ಹೇಳಿ ಸಂಜೆ ಇಲಿ ಕೊಡೋದು ಹೇಗೆ?" ಎಂದು ಅವರು ಕೇಳಿದ್ದಾರೆ.

ಉತ್ತರಗಳು ಬೇಕಾದಷ್ಟು ಬಂದವು. ಹಾಲು ಇಡಿ ಅಂದರು ಒಬ್ಬರು. ಕೋಳಿ ಮಾಂಸದ ತುಂಡು ಹಾಕಿ, ಅದು ಹೇಗೂ ಅಂಗಡಿಯಲ್ಲಿ ಸತ್ತದ್ದು ಅಂದರು ಇನ್ನೊಬ್ಬರು. ಕಾಡಿಗೆ ಬಿಟ್ಟು ಬನ್ನಿ, ಅದೇ ಮೈತ್ರಿ ಅಂದವರೂ ಇದ್ದರು. ಕೆಲವರು ನಗುವ ಮುಖ ಹಾಕಿ ಸುಮ್ಮನಾದರು. ನನಗೇನೋ ಇದು ನಗುವ ಪ್ರಶ್ನೆ ಅನ್ನಿಸಲಿಲ್ಲ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಈ ದಿನದ ಸರದಿಯೂ ನನ್ನದೇ. ಹಾಗಾಗಿ ಹಾವಿನ ವಿಚಾರ, ಶೀಲದ ವಿಚಾರ ಎರಡನ್ನೂ ಸೇರಿಸಿಯೇ ಬರೆದಿದ್ದೇನೆ. ಉದ್ದವಾಗಿದೆ, ಸಾವಕಾಶ ಓದಿ.

*ಮೊದಲು ಹಾಲಿನ ಮಾತು*

ಹಾವು ಹಾಲು ಕುಡಿಯುವ ಜೀವಿಯಲ್ಲ. ಹಾಲಿರುವುದು ಸಸ್ತನಿಗಳ ಮರಿಗಳಿಗೆ. ಹಾವಿನ ಹೊಟ್ಟೆಯಲ್ಲಿ ಅದನ್ನು ಅರಗಿಸುವ ಏರ್ಪಾಡೇ ಇಲ್ಲ. ಹಾವಾಡಿಗರ ಬುಟ್ಟಿಯ ನಾಗರ ಪಂಚಮಿಯ ದಿನ ಹಾಲಿಗೆ ಬಾಯಿ ಹಾಕಿದ್ದನ್ನು ನೀವು ನೋಡಿರಬಹುದು. ದಿನಗಟ್ಟಲೆ ನೀರು ಕೊಡದೆ ಒಣಗಿಸಿದ ಹಾವು ಯಾವ ದ್ರವ ಸಿಕ್ಕಿದರೂ ಕುಡಿಯುತ್ತದೆ. ಅದು ಭಕ್ತಿಯ ಪವಾಡವಲ್ಲ, ಬಾಯಾರಿಕೆ. 22 ಪ್ರತಿಜ್ಞೆ ಸ್ವೀಕರಿಸಿದ ದಿನವೇ ನಾವು ಹುತ್ತಕ್ಕೆ ಹಾಲೆರೆಯುವುದನ್ನು ಬಿಟ್ಟೆವು. ಅದೇ ಹಾಲು ಈಗ ಗಾಜಿನ ಪೆಟ್ಟಿಗೆಯ ದಾರಿ ಹಿಡಿದು ಮನೆಯೊಳಗೆ ಬರುವುದು ಬೇಡ. ನಾಗಪುರದಲ್ಲಿ 1956ರ ಅಕ್ಟೋಬರ್ 15ರ ಭಾಷಣದಲ್ಲಿ ಬಾಬಾಸಾಹೇಬರು ನಾಗರನ್ನು ನೆನೆದದ್ದು ಪೂಜೆಯ ಹಾವುಗಳಾಗಿ ಅಲ್ಲ, ಧಮ್ಮವನ್ನು ಹರಡಿದ ಜನರಾಗಿ.

ಅಂಗುತ್ತರ ನಿಕಾಯದಲ್ಲಿ ಅಹಿರಾಜ ಸುತ್ತ ಎಂಬುದೊಂದಿದೆ. ಶ್ರಾವಸ್ತಿಯಲ್ಲಿ ಒಬ್ಬ ಭಿಕ್ಖು ಹಾವು ಕಚ್ಚಿ ತೀರಿಕೊಂಡಾಗ ಭಗವಾನರು ಹಾವುಗಳನ್ನು ಕೊಲ್ಲಿ ಅನ್ನಲಿಲ್ಲ, ಪೂಜಿಸಿ ಅಂತಲೂ ಅನ್ನಲಿಲ್ಲ. ನಾಲ್ಕು ಸರ್ಪಕುಲಗಳ ಹೆಸರು ಹೇಳಿ, ಅವುಗಳ ಕಡೆಗೆ ಮೈತ್ರಿ ಹರಡಿ ಎಂದರು. ಒಂದು ಜೀವದ ಬಗ್ಗೆ ಮೈತ್ರಿ ಇರಬೇಕಾದರೆ ಅದು ಏನು ತಿಂದು ಬದುಕುತ್ತದೆ ಎಂದು ಮೊದಲು ತಿಳಿದಿರಬೇಕಲ್ಲವೇ?

*ಕೋಳಿ ತುಂಡು, ಕಾಡು*

ಬೋವಾ ತನ್ನ ಬೇಟೆಯನ್ನು ಇಡಿಯಾಗಿ ನುಂಗುವ ಹಾವು. ಇಲಿಯ ಮೂಳೆಯಿಂದ ಸುಣ್ಣದಂಶ, ಪಿತ್ತಜನಕಾಂಗದಿಂದ ಜೀವಸತ್ವ ಅದಕ್ಕೆ ಸಿಗುತ್ತದೆ. ಬರೀ ಮಾಂಸದ ತುಂಡು ಹಾಕುತ್ತಾ ಹೋದರೆ ಹೊಟ್ಟೆ ತುಂಬಿಯೂ ಮೂಳೆ ಸೊರಗುತ್ತದೆ. ಮಾಂಸ ಕೊಡುವುದೇ ಆದಮೇಲೆ ಅರೆಬರೆ ಕೊಟ್ಟು ಹಾವನ್ನು ನಿಧಾನವಾಗಿ ಕೊಲ್ಲುವುದರಲ್ಲಿ ಯಾವ ಅಹಿಂಸೆಯೂ ಇಲ್ಲ.

ಕಾಡಿಗೆ ಬಿಡುವುದು ಇದಕ್ಕಿಂತ ಕೆಟ್ಟದ್ದು. ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಾವು, ನಮ್ಮ ಕಾಡಿನದಲ್ಲ. ಒಂದೋ ಅದು ಸಾಯುತ್ತದೆ, ಇಲ್ಲವೇ ಬದುಕಿಕೊಂಡು ಇಲ್ಲಿನ ಹಕ್ಕಿ, ಓತಿ, ಸಣ್ಣ ಪ್ರಾಣಿಗಳನ್ನು ಮುಗಿಸುತ್ತದೆ. ಅರೂಬಾ ದ್ವೀಪದಲ್ಲಿ 1999ರಲ್ಲಿ ಮೊದಲು ಕಾಣಿಸಿಕೊಂಡ ಬೋವಾಗಳು ಅಲ್ಲೇ ನೆಲೆಯೂರಿ, ಇಂದಿಗೂ ತೆಗೆಯಲಾಗದ ಪೀಡೆಯಾಗಿವೆ. ನಮ್ಮ ಒಂದು ದಿನದ ಪುಣ್ಯಕ್ಕೆ ಒಂದು ಕಾಡು ದಂಡ ಕಟ್ಟಬೇಕೇ?

*ಶೀಲದ ಪ್ರಶ್ನೆ*

ಪಾಣಾತಿಪಾತ, ಅಂದರೆ ಪ್ರಾಣಹತ್ಯೆ, ಆಗಬೇಕಾದರೆ ಐದು ಅಂಶ ಕೂಡಬೇಕು ಎಂದು ಹಳೆಯ ಅಟ್ಠಕಥೆಗಳು ಹೇಳುತ್ತವೆ. ಅಲ್ಲಿ ಒಂದು ಜೀವ ಇರಬೇಕು. ಅದು ಜೀವ ಎಂದು ನಮಗೆ ಗೊತ್ತಿರಬೇಕು. ಕೊಲ್ಲುವ ಮನಸ್ಸು ಇರಬೇಕು, ಅದಕ್ಕೆ ಪ್ರಯತ್ನ ನಡೆಯಬೇಕು, ಕೊನೆಗೆ ಸಾವು ಆಗಬೇಕು. ಫ್ರೀಜರಿನಿಂದ ತೆಗೆದ ಸತ್ತ ಇಲಿಯನ್ನು ಹಾವಿನ ಮುಂದೆ ಹಿಡಿಯುವಾಗ ಈ ಐದೂ ಇಲ್ಲ. ಅಕ್ಷರ ಹಿಡಿದು ನೋಡಿದರೆ ಅಕ್ಕನ ಶೀಲಕ್ಕೆ ಧಕ್ಕೆ ಇಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನನಗೆ ಸಮಾಧಾನವಿಲ್ಲ. ಆ ಇಲಿಯನ್ನು ಯಾರೋ ಕೊಂದಿದ್ದಾರೆ. "ನನ್ನ ಕೈ ಶುದ್ಧ, ಕೊಂದವನು ಬೇರೆ" ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಊರಿನ ಸತ್ತ ದನವನ್ನು ಹೊತ್ತು ಹಾಕಿದವರು ನಮ್ಮ ಅಜ್ಜ ಮುತ್ತಜ್ಜಂದಿರು. ಆ ದನದ ಹಾಲು ಕುಡಿದವರು ಶುದ್ಧರಾಗಿಯೇ ಉಳಿದರು, ಅದರ ಚರ್ಮದ ಚಪ್ಪಲಿ ಮೆಟ್ಟಿದವರೂ ಶುದ್ಧರೇ. ಹೊತ್ತವರು ಮಾತ್ರ ಊರಾಚೆ. ಕೆಲಸವನ್ನು ಇನ್ನೊಬ್ಬರ ಕೈಗೆ ದಾಟಿಸಿ ಪುಣ್ಯವನ್ನು ತಮ್ಮಲ್ಲಿಟ್ಟುಕೊಳ್ಳುವ ಈ ಲೆಕ್ಕ ನಮ್ಮ ಬೆನ್ನ ಮೇಲೆಯೇ ಬರೆದದ್ದು. ಬೌದ್ಧರಾದ ಮೇಲೆ ಅದೇ ಲೆಕ್ಕ ನಾವು ಹಾಕಬಾರದು. ಇಲಿ ಸತ್ತದ್ದು ನಾವು ಸಾಕಿದ ಹಾವಿಗಾಗಿ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಇಲ್ಲಿ ನಮಗೆ ದಾರಿ ತೋರಿಸುತ್ತಾರೆ. ಅಹಿಂಸೆ ಬುದ್ಧರಿಗೆ ಕಣ್ಣು ಮುಚ್ಚಿ ಪಾಲಿಸುವ ನಿಯಮವಾಗಿರಲಿಲ್ಲ, ವಿವೇಚಿಸಿ ನಡೆಯಬೇಕಾದ ತತ್ತ್ವವಾಗಿತ್ತು ಎಂದು ಅವರು ವಿವರಿಸುತ್ತಾರೆ. ಕೊಲ್ಲಬೇಕಾದ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಯಜ್ಞದಲ್ಲಿ ಪಶುಗಳನ್ನು ಕಡಿಯುವುದನ್ನು ಭಗವಾನರು ವಿರೋಧಿಸಿದ್ದು ಅಲ್ಲಿ ಅಗತ್ಯವೆಂಬುದೇ ಇರಲಿಲ್ಲ ಎಂಬುದಕ್ಕೆ.

ಈಗ ಹಾವನ್ನೇ ನೋಡಿ. 2012ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಇಲಿಗಳೊಳಗೆ ಕೃತಕ ಹೃದಯ ಇಟ್ಟು ಬೋವಾಗಳಿಗೆ ಕೊಟ್ಟರು. ಹೃದಯ ಮಿಡಿಯುವವರೆಗೆ ಹಾವು ಬಿಗಿಯುತ್ತಿತ್ತು. ಮಿಡಿತ ನಿಲ್ಲಿಸಿದರೆ ಬೇಗನೆ ಸಡಿಲ ಬಿಡುತ್ತಿತ್ತು. ಬೇಕಾದಷ್ಟೇ ಬಲ, ಬೇಕಾದಷ್ಟೇ ಹೊತ್ತು. ಅಲ್ಲಿ ದ್ವೇಷವಿಲ್ಲ, ಅಗತ್ಯವಿದೆ. ನಮ್ಮ ಕಡೆಯ ಲೆಕ್ಕವೇ ಸ್ವಲ್ಪ ಗಲೀಜು.

*13 ಮತ್ತು 52*

ಹೋದ ಭಾನುವಾರ ನಾನು ಆ ಹಾವನ್ನು ನೋಡಿ ಬಂದೆ. ಸುಮಾರು ಆರು ಅಡಿ ಇದೆ, ಸಾಧು ಸ್ವಭಾವ. ಆದರೆ ಬಹಳ ದಪ್ಪ. ಹುರುಪೆಗಳ ನಡುವೆ ಚರ್ಮ ಕಾಣುತ್ತದೆ, ಸುತ್ತಿ ಮಲಗಿದಾಗ ಮೈಯಲ್ಲಿ ಮಡಿಕೆ ಬೀಳುತ್ತದೆ. ವಿಚಾರಿಸಿದರೆ ವಾರಕ್ಕೊಂದು ದೊಡ್ಡ ಇಲಿ ಹಾಕುತ್ತಿದ್ದಾರೆ. ಪ್ರೀತಿಯಿಂದಲೇ ಹಾಕಿದ್ದು, ಅದರಲ್ಲಿ ಸಂಶಯವಿಲ್ಲ.

ಮರಿಗೆ ಏಳರಿಂದ ಹತ್ತು ದಿನಕ್ಕೊಮ್ಮೆ ಊಟ ಬೇಕು. ಬೆಳೆಯುತ್ತಿರುವುದಕ್ಕೆ ಎರಡು ವಾರಕ್ಕೊಮ್ಮೆ. ಪೂರ್ತಿ ಬೆಳೆದ ಬೋವಾಕ್ಕೆ ಮೂರು ನಾಲ್ಕು ವಾರಕ್ಕೊಂದು ಸಾಕು. ಅದು ಕಾದು ಕುಳಿತು ಹಿಡಿಯುವ ಹಾವು. ನಮ್ಮ ಹಾಗೆ ಮೈಯನ್ನು ಬಿಸಿಯಾಗಿಟ್ಟುಕೊಳ್ಳಲು ಅದು ಅನ್ನ ಸುಡಬೇಕಿಲ್ಲ. ತಿಂಗಳುಗಟ್ಟಲೆ ಉಪವಾಸ ತಡೆಯುತ್ತದೆ, ಅತಿಯಾಗಿ ತಿಂದ ಕೊಬ್ಬನ್ನು ತಡೆಯುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಬದುಕುವ ಜೀವ ಅತಿಯೂಟದಿಂದ ಬೇಗ ಸಾಯುತ್ತದೆ.

ವಾರಕ್ಕೊಂದರಂತೆ ವರ್ಷಕ್ಕೆ 52 ಇಲಿ. ನಾಲ್ಕು ವಾರಕ್ಕೊಂದರಂತೆ 13. ನಡುವಿನ 39 ಪ್ರಾಣಗಳು ಯಾರ ಅಗತ್ಯಕ್ಕೆ ಹೋದವು? ಹಾವಿನ ಅಗತ್ಯಕ್ಕಂತೂ ಅಲ್ಲ. ಅಕ್ಕ ಶೀಲ ಹುಡುಕಬೇಕಾದದ್ದು ಈ 39ರಲ್ಲಿ ಎಂದು ನನ್ನ ಅಭಿಪ್ರಾಯ. ಎಲ್ಲ ಜೀವಿಗಳ ಬಗ್ಗೆ ಕರುಣೆ ಇಡುತ್ತೇನೆ ಎಂಬ ನಮ್ಮ 13ನೆಯ ಪ್ರತಿಜ್ಞೆಯಲ್ಲಿ ಹಾವೂ ಇದೆ, ಇಲಿಯೂ ಇದೆ. ಊಟದ ಅಳತೆ ಸರಿಹೋದರೆ ಎರಡಕ್ಕೂ ಒಟ್ಟಿಗೇ ಒಳ್ಳೆಯದಾಗುತ್ತದೆ.

ಮಗ ಒಂದೆರಡು ಸಲ ಬದುಕಿದ ಇಲಿ ಬಿಟ್ಟು ಗೆಳೆಯರ ಜೊತೆ ವಿಡಿಯೊ ಮಾಡಿದ್ದನಂತೆ. ಬಾಬಾಸಾಹೇಬರು ಹೇಳುವ ಇಚ್ಛೆ ಎಂದರೆ ಇದೇ. ಇಲಿಗೆ ಹೆದರಿಕೆಯ ಸಾವು, ನೋಡುವವರಿಗೆ ಮೋಜು. ಹಾವಿಗೂ ಅಪಾಯವೇ. ಮೂಲೆಗೆ ಸಿಕ್ಕ ಇಲಿ ಹಾವಿನ ಕಣ್ಣು, ಬಾಯಿ ಕಚ್ಚಿ ಗಾಯ ಮಾಡುತ್ತದೆ. ಹಸಿವಿಲ್ಲದ ಹಾವಿನ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಟ್ಟ ಇಲಿ ಹಾವನ್ನೇ ಕೊರೆದು ತಿಂದದ್ದೂ ಉಂಟು.

*ಅಕ್ಕನಿಗೆ, ಕೆಲಸದ ಮಾತು*

ಎರಡು ತಿಂಗಳಲ್ಲಿ ನೀವು ಊಟ ಹಾಕಬೇಕಾದದ್ದು ಎರಡೇ ಸಲ ಅಕ್ಕ, ಗಾಬರಿ ಬೇಡ. ನೀರಿನ ಬಟ್ಟಲು ಮಾತ್ರ ದಿನಾ ತೊಳೆದು ತುಂಬಿಸಿ.

ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಹೆಚ್ಚಿರಬಾರದು. ಈ ಹಾವಿಗೆ ಅದಕ್ಕಿಂತ ಸಣ್ಣದೇ ಇರಲಿ. ಮಾರುವವರನ್ನು ಹೇಗೆ ಕೊಲ್ಲುತ್ತೀರಿ ಎಂದು ಕೇಳಿ. ಜೀವಂತ ಇಲಿಯನ್ನೇ ಫ್ರೀಜರಿಗೆ ಹಾಕುವವರ ಹತ್ತಿರ ಕೊಳ್ಳಬೇಡಿ. ಕೇಳಲು ಸಂಕೋಚ ಬೇಡ, ಕೇಳುವುದೂ ಶೀಲದ ಕೆಲಸವೇ. ಮನೆಯ ಬೋನಿಗೆ ಬಿದ್ದ ಇಲಿ ಖಂಡಿತ ಬೇಡ. ಅದು ಇಲಿಪಾಷಾಣ ತಿಂದಿರಬಹುದು, ರೋಗ ಹೊತ್ತಿರಬಹುದು.

ಹಿಂದಿನ ರಾತ್ರಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ. ಆ ಡಬ್ಬಿ ಅಡುಗೆಗೆ ಬಳಸುವುದು ಬೇಡ. ಮರುದಿನ ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿನೀರಲ್ಲಿ ಅರ್ಧ ಗಂಟೆ ಇಡಿ. ಸ್ನಾನದ ನೀರಿನಷ್ಟು ಬಿಸಿ ಸಾಕು, ಕುದಿಯುವ ನೀರು ಬೇಡ, ಮೈಕ್ರೋವೇವ್ ಬೇಡವೇ ಬೇಡ. ಒತ್ತಿ ನೋಡಿದಾಗ ನಡುವೆ ಗಟ್ಟಿ ಇರಬಾರದು. ಒರೆಸಿ, ಒಂದಡಿಗಿಂತ ಉದ್ದದ ಇಕ್ಕಳದಲ್ಲಿ ಹಿಡಿದು ತಲೆ ಮುಂದಾಗಿ ಕೊಡಿ. ಕೈಯಲ್ಲಿ ಎಂದೂ ಕೊಡಬೇಡಿ. ಇಲಿಯ ವಾಸನೆ ಇರುವ ಕೈ ಅದಕ್ಕೆ ಇಲಿಯೇ. ಪಕ್ಕದಲ್ಲಿ ಇನ್ನೊಬ್ಬರು ದೊಡ್ಡವರು ಇರಲಿ. ಆಮೇಲೆ ಸಾಬೂನಿನಿಂದ ಚೆನ್ನಾಗಿ ಕೈ ತೊಳೆಯಿರಿ, ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಇರುತ್ತದೆ.

ತಿಂದ ಮೇಲೆ 48 ಗಂಟೆ ಮುಟ್ಟಬೇಡಿ. ಪೆಟ್ಟಿಗೆಯ ಬೆಚ್ಚಗಿನ ತುದಿ 31ರಿಂದ 32 ಡಿಗ್ರಿ ಇರಬೇಕು, ತಂಪಿನ ತುದಿ 25ರಿಂದ 27. ಚಳಿಯಾದರೆ ಊಟ ಹೊಟ್ಟೆಯಲ್ಲೇ ಕೊಳೆತು ಕಕ್ಕಿಬಿಡುತ್ತದೆ. ಹಾಗೆ ಕಕ್ಕಿದರೆ ಅಯ್ಯೋ ಎಂದು ಕೂಡಲೇ ಮತ್ತೆ ಕೊಡಬೇಡಿ. ಎರಡು ವಾರ ಬಿಟ್ಟು ಸಣ್ಣದೊಂದು ಕೊಡಿ. ಮತ್ತೆ ಕಕ್ಕಿದರೆ ಹಾವು ನೋಡಬಲ್ಲ ಪಶುವೈದ್ಯರಿಗೆ ತೋರಿಸಿ. ಕಣ್ಣು ಹಾಲುಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವ ಕಾಲ, ಆಗ ತಿನ್ನದಿದ್ದರೆ ಚಿಂತೆಯಿಲ್ಲ. ತಿನ್ನದೆ ಉಳಿದ ಇಲಿಯನ್ನು ಬೆಳಿಗ್ಗೆ ಮಣ್ಣಲ್ಲಿ ಹೂತುಬಿಡಿ, ತಿರುಗಿ ಫ್ರೀಜರಿಗೆ ಹಾಕಬೇಡಿ.

*ಮಗನಿಗೆ*

ಹೊರಡುವ ಮುಂಚೆ ಕಾಗದಪತ್ರ ಅಮ್ಮನ ಕೈಗೆ ಕೊಡು ತಮ್ಮಾ. 2022ರ ತಿದ್ದುಪಡಿಯ ನಂತರ ಬೋವಾದಂಥ ವಿದೇಶಿ ಜೀವಿಗಳೂ ನಮ್ಮ ವನ್ಯಜೀವಿ ಕಾಯ್ದೆಯೊಳಗೆ ಬಂದಿವೆ. 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿರಬೇಕು. ಹಾವು ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ನಮ್ಮ ನೆಲದ ಹಾವುಗಳನ್ನಂತೂ ಮನೆಯಲ್ಲಿ ಇಡುವಂತೆಯೇ ಇಲ್ಲ, ಹೆಬ್ಬಾವಾಗಲಿ, ಅದೃಷ್ಟ ತರುತ್ತದೆಂದು ಕಳ್ಳರು ಮಾರುವ ಮಣ್ಣುಮುಕ್ಕ ಹಾವಾಗಲಿ.

ಇದಕ್ಕೊಂದು ಜೊತೆ ತರುವ ಯೋಚನೆ ನಿನಗಿದೆ ಎಂದು ಅಮ್ಮ ಹೇಳಿದರು. ಬೋವಾ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಒಂದು ಸಲಕ್ಕೆ ಇಪ್ಪತ್ತು ಮೂವತ್ತರವರೆಗೂ. ಪ್ರತಿ ಮರಿಗೂ ವಾರಕ್ಕೋ ಹತ್ತು ದಿನಕ್ಕೋ ಒಂದು ಇಲಿಮರಿ ಬೇಕು. ಈಗಿರುವ ಹಾವಿನ ಹಸಿವು ಅಗತ್ಯ. ಇನ್ನೊಂದು ತರುವುದು ತೃಷ್ಣೆ. ಇರುವುದನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೋ. ಎರಡನೆಯದು ಬೇಡ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಭಾನುವಾರದ ಓದಿಗೆ 'ಬುದ್ಧ ಮತ್ತು ಆತನ ಧಮ್ಮ'ದ ಅಹಿಂಸೆಯ ಭಾಗ ಇಟ್ಟುಕೊಂಡಿದ್ದೇವೆ. ವಿಹಾರದಲ್ಲಿ ಬೆಳಿಗ್ಗೆ ಹತ್ತಕ್ಕೆ. ಕೋಳಿ ಅಂಗಡಿ ನಡೆಸುವ ನಮ್ಮ ಅಣ್ಣನವರೂ ಬರುತ್ತೇನೆ ಅಂದಿದ್ದಾರೆ. ಅವರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಎಲ್ಲರೂ ಓದಿಕೊಂಡು ಬನ್ನಿ.

ನಮೋ ಬುದ್ಧಾಯ, ಜೈ ಭೀಮ್ 🙏